ಸಿಂಧನೂರಿನಲ್ಲಿ ಬೈಕ್ ನಿಂತಿದೆ, ಕೊಂಡದ್ದು ಮೈಸೂರಿನಲ್ಲಿ, ವಾರಂಟಿ ಇದೆ: ಇಲ್ಲೇ ರಿಪೇರಿ ಆಗುತ್ತಾ?

ಕಾವೇರಿ_ಸವಾರ (ಪ್ರಶ್ನೆ)

250 ಸಿಸಿ, ಸಿಂಗಲ್ ಸಿಲಿಂಡರ್, ಬಿಎಸ್-6, ಫ್ಯೂಯಲ್ ಇಂಜೆಕ್ಷನ್, ಕಿಕ್ ಇಲ್ಲ. ಮೀಟರ್ 14,200 ಕಿ.ಮೀ. ತೋರಿಸುತ್ತಿದೆ. ಕಂಪನಿ ವಾರಂಟಿ ಚಾಲ್ತಿಯಲ್ಲಿದೆ, ಸರ್ವಿಸ್ ಎಲ್ಲಾ ಅಧಿಕೃತ ಸೆಂಟರ್‌ನಲ್ಲೇ ಆಗಿದೆ. ಹೆಚ್ಚುವರಿ ಲೈಟು, ಹಾರ್ನು ಯಾವುದನ್ನೂ ಹಾಕಿಸಿಲ್ಲ.

ಬಳ್ಳಾರಿಯಿಂದ ಲಿಂಗಸುಗೂರು ಕಡೆ ಹೋಗುವ 150ಎ ಹೆದ್ದಾರಿಯಲ್ಲಿ ಸಿರುಗುಪ್ಪ ದಾಟಿದ ಮೇಲೆ ಶುರುವಾದ ತೊಂದರೆ ಇದು. ಮೊದಲು ಹಾರ್ನ್ ಸದ್ದು ಕುಗ್ಗಿತು. ಆಮೇಲೆ ಮೀಟರ್ ತಾನಾಗಿಯೇ ಆಫ್ ಆಗಿ ಆನ್ ಆಗತೊಡಗಿತು, ಎಬಿಎಸ್ ದೀಪವೂ ಇಂಜಿನ್ ದೀಪವೂ ಹತ್ತಿದವು, ಕೊನೆಗೆ ಇಂಜಿನ್ ನಿಂತಿತು. ಸೆಲ್ಫ್ ಒತ್ತಿದರೆ ಟಿಕ್ ಟಿಕ್ ಅಷ್ಟೇ. ಗಾಡಿ ಈಗ ಸಿಂಧನೂರಿನಲ್ಲಿದೆ.

ಇಲ್ಲಿನ ಶೋರೂಮಿನವರು ಬ್ಯಾಟರಿ ಹೋಗಿದೆ, ದುಡ್ಡು ಕೊಟ್ಟು ಹೊಸದು ಹಾಕಿಸಿಕೊಳ್ಳಿ ಅಂತಾರೆ. ಬೇರೆ ದೋಷ ಇದ್ದರೆ ವಾರಂಟಿಗೆ ಕೊಂಡ ಊರಿಗೇ ಒಯ್ಯಬೇಕಂತೆ. ನನ್ನ ಪ್ರಶ್ನೆ: ಇದು ನಿಜವಾಗಿ ಬ್ಯಾಟರಿಯದೇ ತೊಂದರೆಯಾ? ಮೈಸೂರಿಗೇ ಒಯ್ಯಬೇಕು ಅನ್ನೋದು ಸರಿಯಾ? ವಾರಂಟಿಗೆ ಧಕ್ಕೆ ಬಾರದ ಹಾಗೆ ನಾನೇ ಏನೇನು ನೋಡಬಹುದು?

ಮಲ್ಟಿಮೀಟರ್_ಬಳ್ಳಾರಿ

ನೀವು ಬರೆದ ಕ್ರಮವೇ ಅರ್ಧ ಉತ್ತರ ಹೇಳುತ್ತಿದೆ. ಬ್ಯಾಟರಿ ಮಾತ್ರ ಸತ್ತಿದ್ದರೆ ಬೆಳಿಗ್ಗೆ ಸೆಲ್ಫ್ ಎತ್ತುತ್ತಿರಲಿಲ್ಲ. ಓಡುವಾಗಲೇ ಹಾರ್ನ್ ಕುಗ್ಗಿ, ಮೀಟರ್ ಮಿಟುಕಿ, ಆಮೇಲೆ ಇಂಜಿನ್ ನಿಂತಿದೆ ಅಂದರೆ ಚಾರ್ಜಿಂಗ್ ನಿಂತು ಗಾಡಿ ಬ್ಯಾಟರಿಯನ್ನೇ ತಿಂದುಕೊಂಡು ಓಡಿದೆ. ಈಗ ಹೊಸ ಬ್ಯಾಟರಿ ಹಾಕಿಸಿದರೆ ಅದೂ ಒಂದು ಗಂಟೆ ಬಾಳಿಕೆ ಬಂದರೆ ಹೆಚ್ಚು. ಲೆಕ್ಕ ಸುಲಭ. ಪೆಟ್ರೋಲ್ ಪಂಪಿಗೆ 3–4 ಆಂಪಿಯರ್, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಮತ್ತು ಕಿಡಿ ಹಾರಿಸುವ ಕಾಯಿಲ್‌ಗೆ 1–2 ಆಂಪಿಯರ್. ಹೆಡ್‌ಲೈಟ್ ಹ್ಯಾಲೊಜನ್ ಆಗಿದ್ದರೆ ಇನ್ನೊಂದು 4–5 ಆಂಪಿಯರ್, 2017ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಅದನ್ನು ಆರಿಸುವ ಸ್ವಿಚ್ಚೂ ಇಲ್ಲ. 8 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಎಷ್ಟು ಹೊತ್ತು ತಡೆದೀತು?

ಅಳೆಯದೆ ಯಾರಿಗೂ ಬ್ಯಾಟರಿ ದುಡ್ಡು ಕೊಡಬೇಡಿ. ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು.

ಮೊದಲು ಟರ್ಮಿನಲ್ ಸ್ಕ್ರೂ ಅಲ್ಲಾಡಿಸಿ ನೋಡಿ, ಸಡಿಲವಿದ್ದರೆ ಬಿಗಿ ಮಾಡಿ. ಹಸಿರು ಬಿಳಿ ಪುಡಿ ಕಟ್ಟಿದ್ದರೆ ಕೆರೆದು ತೆಗೆಯಿರಿ. ಮೇನ್ ಫ್ಯೂಸ್ ಸಾಮಾನ್ಯವಾಗಿ ಸ್ಟಾರ್ಟರ್ ರಿಲೇ ಹತ್ತಿರ ಇರುತ್ತದೆ, 20 ಅಥವಾ 30 ಆಂಪಿಯರಿನದು, ಪಕ್ಕದಲ್ಲೇ ಸ್ಪೇರ್ ಇರುತ್ತದೆ. ಆಮೇಲೆ ಕೀ ಆಫ್ ಇಟ್ಟು ಬ್ಯಾಟರಿ ವೋಲ್ಟೇಜ್ ನೋಡಿ. 12.6ರಿಂದ 12.8 ಇದ್ದರೆ ತುಂಬಿದೆ, 12.0 ಇದ್ದರೆ ಹೆಚ್ಚುಕಡಿಮೆ ಖಾಲಿ.

ಬ್ಯಾಟರಿ ಚಾರ್ಜ್ ಮಾಡಿಸಿ ಗಾಡಿ ಸ್ಟಾರ್ಟ್ ಆದ ಮೇಲೆ, 4,000–5,000 ಆರ್‌ಪಿಎಂನಲ್ಲಿ ಟರ್ಮಿನಲ್ ಮೇಲೇ ಅಳೆಯಿರಿ. 13.8ರಿಂದ 14.6 ಬರಬೇಕು. 13ರ ಒಳಗೇ ಉಳಿದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ಭಾಗ) ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ.

ಚಾರ್ಜ್ ಆಗುತ್ತಿಲ್ಲ ಅಂತ ಕಂಡರೆ ಇಂಜಿನ್ ಆರಿಸಿ ಸ್ಟೇಟರ್ (ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ತಾಮ್ರದ ಸುರುಳಿ) ಕಪ್ಲರ್ (ವೈರ್ ಜೋಡಿಸುವ ಪ್ಲಾಸ್ಟಿಕ್ ಕೊಂಡಿ) ಬಿಚ್ಚಿ. ಇಂಜಿನ್ನಿನ ಎಡಗಡೆ ಕವರಿನಿಂದ ಒಂದೇ ಬಣ್ಣದ ಮೂರು ವೈರ್ ರೆಗ್ಯುಲೇಟರ್ ಕಡೆ ಹೋಗಿರುತ್ತವೆ, ಹೆಚ್ಚಿನ ಗಾಡಿಗಳಲ್ಲಿ ಹಳದಿ. ಕಪ್ಲರ್ ಒಳಗೆ ಪ್ಲಾಸ್ಟಿಕ್ ಕಂದು ತಿರುಗಿದೆಯಾ, ಕರಗಿದೆಯಾ ನೋಡಿ, ಫೋಟೊ ತೆಗೆಯಿರಿ. ಕಪ್ಲರ್ ಬಿಚ್ಚಿದ ಹಾಗೇ ಮೂರು ಪರೀಕ್ಷೆ ಮಾಡಿ:

1) ಓಮ್ ಮೋಡ್, ಇಂಜಿನ್ ಆಫ್: 1–2, 2–3, 1–3 ಮೂರೂ ಜೋಡಿಯಲ್ಲಿ ಒಂದು ಓಮ್‌ಗಿಂತ ಕಡಿಮೆ ಬರಬೇಕು, ಮೂರೂ ಒಂದೇ ಥರ ಇರಬೇಕು.

2) ಬೀಪ್ ಮೋಡ್: ಒಂದೊಂದೇ ವೈರಿಗೂ ಇಂಜಿನ್ ಬಾಡಿಗೂ ಹಚ್ಚಿ. ಬೀಪ್ ಬರಲೇಬಾರದು. ಬಂದರೆ ವೈಂಡಿಂಗ್ ಬಾಡಿಗೆ ಶಾರ್ಟ್ ಆಗಿದೆ ಎಂದೇ ಅರ್ಥ.

3) ಎಸಿ ವೋಲ್ಟ್ ಮೋಡ್, ಇಂಜಿನ್ ಆನ್, 4,000–5,000 ಆರ್‌ಪಿಎಂ: ಮೂರೂ ಜೋಡಿಯಲ್ಲಿ ಸುಮಾರು 50–60 ವೋಲ್ಟ್. ಅಂಕಿ ಮಾಡೆಲ್ ಪ್ರಕಾರ ಬದಲಾಗುತ್ತದೆ, ಮೂರೂ ಸಮ ಇರುವುದು ಮುಖ್ಯ. ಚುಚ್ಚುವ ತುದಿಗೆ ಬೆರಳು ತಾಗಿಸಬೇಡಿ.

ಕಪ್ಲರ್ ಬಿಚ್ಚಿ ಹಾಕಿದ ಮಾತ್ರಕ್ಕೆ ಸಾಮಾನ್ಯವಾಗಿ ವಾರಂಟಿ ಹೋಗಲ್ಲ. ವೈರ್ ಕತ್ತರಿಸುವುದು, ಟೇಪ್ ಸುತ್ತುವುದು, ಇಂಜಿನ್ ಕವರಿನ ಬೋಲ್ಟಿಗೆ ಸ್ಪ್ಯಾನರ್ ಹಚ್ಚುವುದು ಮಾಡಬೇಡಿ. ಮೀಟರ್ ಅಂಕಿ ಕಾಣುವ ಹಾಗೆ ಪ್ರತಿ ಹಂತವನ್ನೂ ವಿಡಿಯೊ ಮಾಡಿ.

ರಾಯಚೂರು_ಮೆಕಾನಿಕ್

ಮ್ಯಾಲಿನವರು ಹೇಳಿದ್ದು ಖರೆ ಅದ. ನಾ ಚಾರ್ಜಿಂಗ್ ಬಗ್ಗೆ ಎರಡು ಮಾತು ಹೇಳ್ತೀನಿ, ಇಲ್ಲೇ ಭಾಳ ಮಂದಿ ಬ್ಯಾಟರಿ ಕೆಡಿಸ್ಕೊಳ್ತಾರ.

ಸಿಂಧನೂರು, ಮಾನ್ವಿ ಕಡೆ ಬ್ಯಾಟರಿ ಅಂಗಡಿಯಾಗ ಟ್ರ್ಯಾಕ್ಟರ್ ಬ್ಯಾಟರಿ ಸಾಲಾಗಿ ಇಟ್ಟು ಒಂದೇ ಚಾರ್ಜರ್‌ಗೆ ಹಚ್ಚಿರ್ತಾರ. ನಿಮ್ಮ ಸಣ್ಣ ಬ್ಯಾಟರಿನೂ ಅದೇ ಸಾಲಿನ್ಯಾಗ ಕೂಡಿಸಿದ್ರ 5 ಆಂಪಿಯರ್ ಮ್ಯಾಲೆ ಕರೆಂಟ್ ಹೋಗ್ತದ, ಹೊಟ್ಟಿ ಉಬ್ಬಿ ಹೋಗ್ತದ. ಉಬ್ಬಿದ ಬ್ಯಾಟರಿಗೆ ಬ್ಯಾಟರಿ ಕಂಪನಿಯವರು ವಾರಂಟಿ ಕೊಡಂಗಿಲ್ಲ. ಬ್ಯಾರೆ ಚಾರ್ಜರ್‌ಗೆ ಹಾಕ್ರಿ, ಎಎಚ್‌ದ ಹತ್ತನೇ ಒಂದು ಪಾಲು ಕರೆಂಟ್ ಇಡ್ರಿ ಅಂತ ನಿಂತು ಹೇಳ್ರಿ. 8 ಎಎಚ್‌ಗೆ 0.8 ಆಂಪಿಯರ್, ಹತ್ತು ತಾಸು. ರಾತ್ರಿ ಬಿಟ್ಟು ಮುಂಜಾನೆ ತಗೊಳ್ರಿ.

ಜಂಪ್ ಹಚ್ಚಬೇಕಾದ್ರ ಲಾರಿ ಬ್ಯಾಟರಿ ಮುಟ್ಟಬ್ಯಾಡ್ರಿ. ಭತ್ತದ ಲಾರಿ ಡ್ರೈವರ್ ಪ್ರೀತಿಯಿಂದ ಕೇಬಲ್ ಕೊಡ್ತಾನ, ಆದ್ರ ದೊಡ್ಡ ಲಾರಿದು 24 ವೋಲ್ಟ್. ಒಮ್ಮಿ ಹಚ್ಚಿದ್ರ ಇಸಿಯು, ಮೀಟರ್, ಎಬಿಎಸ್ ಎಲ್ಲಾ ಸುಡ್ತಾವ, ಅದು ನಿಮ್ಮ ತಪ್ಪು ಅಂತ ವಾರಂಟಿನೂ ಸಿಗಂಗಿಲ್ಲ. ಟ್ರ್ಯಾಕ್ಟರ್, ಕಾರು 12 ವೋಲ್ಟ್ ಇರ್ತಾವ, ನಡೀತದ. ಆದ್ರ ಅದರ ಇಂಜಿನ್ ಬಂದ್ ಇರಬೇಕು. ಕೆಂಪು ಕೇಬಲ್ ಮೊದಲು ನಿಮ್ಮ ಬ್ಯಾಟರಿ ಪ್ಲಸ್‌ಗೆ, ಆಮ್ಯಾಲೆ ಟ್ರ್ಯಾಕ್ಟರ್ ಪ್ಲಸ್‌ಗೆ. ಕರೀದು ಟ್ರ್ಯಾಕ್ಟರ್ ಮೈನಸ್‌ಗೆ, ಕಡೀಗೆ ನಿಮ್ಮ ಗಾಡಿ ಇಂಜಿನ್‌ದ ಬಣ್ಣ ಇಲ್ಲದ ಲೋಹಕ್ಕ. ಬಿಚ್ಚೋದು ಉಲ್ಟಾ.

ದೂಡಿ ಸ್ಟಾರ್ಟ್ ಮಾಡೋದು ಕಾರ್ಬ್ಯುರೇಟರ್ ಗಾಡಿಗೆ ಸರಿ. ಇಂಜೆಕ್ಷನ್ ಗಾಡ್ಯಾಗ ಬ್ಯಾಟರಿ ಪೂರಾ ಇಳಿದಿದ್ರ ಪಂಪೇ ತಿರುಗಂಗಿಲ್ಲ, ಪೆಟ್ರೋಲ್ ಬರಂಗಿಲ್ಲ, ಸುಮ್ನ ಬೆವರು.

ಕಾವೇರಿ_ಸವಾರ

ರಾತ್ರಿ ಬೇರೆ ಚಾರ್ಜರಿಗೇ ಹಾಕಿಸಿ ಬೆಳಿಗ್ಗೆ ಅಳೆದೆ.

ಬ್ಯಾಟರಿ, ಕೀ ಆಫ್: 12.7. ಸೆಲ್ಫ್ ಒತ್ತಿದಾಗ 10.9ಕ್ಕೆ ಇಳಿದು ಸ್ಟಾರ್ಟ್ ಆಯಿತು. ಐಡ್ಲಿಂಗ್‌ನಲ್ಲಿ 12.2, 4,500 ಆರ್‌ಪಿಎಂನಲ್ಲೂ 12.3.
ಎಸಿ ವೋಲ್ಟ್ 4,500ರಲ್ಲಿ: 1–2 ನಡುವೆ 58, 2–3 ನಡುವೆ 31, 1–3 ನಡುವೆ 30.
ಬೀಪ್: ಮೂರೂ ವೈರ್ ಇಂಜಿನ್ ಬಾಡಿಗೆ ಬೀಪ್ ಕೊಡುತ್ತಿವೆ.
ಕಪ್ಲರಿನ ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಆಗಿದೆ.

ಇಲ್ಲೇ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವವರೊಬ್ಬರು ಸ್ಟೇಟರ್ ರೀವೈಂಡ್ ಮಾಡಿ ಸಂಜೆಯೊಳಗೆ ಕೊಡುತ್ತೇನೆ ಅಂತಿದ್ದಾರೆ. ಮಾಡಿಸಬಹುದಾ?

ಮಲ್ಟಿಮೀಟರ್_ಬಳ್ಳಾರಿ

ಸ್ಟೇಟರ್ ಹೋಗಿದೆ, ಅನುಮಾನವೇ ಬೇಡ. 3ನೇ ವೈರ್ ಇರುವ ಎರಡೂ ಜೋಡಿ ಅರ್ಧಕ್ಕೆ ಬಿದ್ದಿವೆ, ಅದಿಲ್ಲದ ಜೋಡಿ ಸರಿಯಾಗಿದೆ. ಮೂರೂ ವೈರ್ ಒಳಗೆ ಒಂದಕ್ಕೊಂದು ಸೇರಿರುವುದರಿಂದ ಬೀಪ್ ಮೂರರಲ್ಲೂ ಬಂದಿದೆ, ವೈಂಡಿಂಗ್ ಬಾಡಿಗೆ ಶಾರ್ಟ್ ಆಗಿದೆ. ಸೆಲ್ಫ್ ಒತ್ತಿದಾಗ 10.9 ನಿಂತಿದೆ, ಅಂದರೆ ನಿಮ್ಮ ಬ್ಯಾಟರಿ ಚೆನ್ನಾಗಿಯೇ ಇದೆ. 10ರ ಕೆಳಗೆ ಬಿದ್ದಿದ್ದರೆ ಅದನ್ನೂ ಅನುಮಾನಿಸಬೇಕಿತ್ತು.

ಯಾಕೆ ಸುಡುತ್ತದೆ ಅಂದರೆ, ನಮ್ಮಲ್ಲಿ ಓಡುವ ಬಹುಪಾಲು ಬೈಕುಗಳಲ್ಲಿ ಇರುವುದು ಶಂಟ್ ಮಾದರಿಯ ರೆಗ್ಯುಲೇಟರ್. ಗಾಡಿಗೆ ಬೇಡವಾದ ಕರೆಂಟನ್ನು ಅದು ಸ್ಟೇಟರಿಗೇ ಶಾರ್ಟ್ ಮಾಡಿ ವಾಪಸ್ ಕಳಿಸುತ್ತದೆ. ಹಾಗಾಗಿ ಲೈಟ್ ಹಾಕಿದರೂ ಬಿಟ್ಟರೂ ಸ್ಟೇಟರ್ ಸದಾ ಪೂರ್ತಿ ಹೊರೆಯಲ್ಲೇ ಇರುತ್ತದೆ. ತಾಮ್ರದ ಮೇಲಿನ ಎನಾಮೆಲ್ ವರ್ಷಗಟ್ಟಲೆ ಬೆಂದು ಒಂದು ಕಡೆ ಬಿರಿಯುತ್ತದೆ. ಅದನ್ನು ತಣ್ಣಗಿಡುವುದು ಇಂಜಿನ್ ಆಯಿಲ್. ಆಯಿಲ್ ಕಡಿಮೆಯಾದರೆ, ಜೊತೆಗೆ ರಾಯಚೂರಿನ ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿದ್ದರೆ, ಬೇಗ ಹೋಗುತ್ತದೆ. ಆದ್ದರಿಂದ ಈಗಲೇ ಗಾಡಿ ನೇರ ನಿಲ್ಲಿಸಿ, ಇಂಜಿನ್ ಆರಿಸಿ ನಾಲ್ಕೈದು ನಿಮಿಷ ಬಿಟ್ಟು ಆಯಿಲ್ ಮಟ್ಟದ ಫೋಟೊ ತೆಗೆದಿಡಿ. ಆಯಿಲ್ ಇರಲಿಲ್ಲ ಎಂದು ಕ್ಲೇಮ್ ತಳ್ಳಿಹಾಕುವ ದಾರಿ ಅಲ್ಲಿಗೆ ಮುಚ್ಚುತ್ತದೆ.

ಇನ್ನೊಂದು ಈ ಕಡೆಯದೇ ಕಾರಣ. ನಾಟಿ ಕಾಲದಲ್ಲಿ ಗದ್ದೆಯಿಂದ ಹತ್ತುವ ಟ್ರ್ಯಾಕ್ಟರ್ ಚಕ್ರದಿಂದ ಎರೆಮಣ್ಣು ರಸ್ತೆಗೆ ಬೀಳುತ್ತದೆ, ಅಲ್ಲಿಂದ ಚಿಮ್ಮಿ ರೆಗ್ಯುಲೇಟರಿನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಕೂತು ಒಣಗಿ ಇಟ್ಟಿಗೆಯಂತಾಗುತ್ತದೆ. ಗಾಳಿ ಆಡದೆ ರೆಗ್ಯುಲೇಟರ್ ಕಾದು ಕೆಡುತ್ತದೆ, ಅದು ಕೆಟ್ಟರೆ ಸ್ಟೇಟರನ್ನೂ ಎಳೆದುಕೊಂಡು ಹೋಗುತ್ತದೆ. ಹಳೆ ಬ್ರಶ್ಶಿನಿಂದ ಉಜ್ಜಿ ತೆಗೆಯಿರಿ, ಪ್ರೆಶರ್ ಪಂಪ್ ಹೊಡೆಯಬೇಡಿ, ಕಪ್ಲರಿಗೆ ನೀರು ನುಗ್ಗುತ್ತದೆ.

ರೀವೈಂಡಿಂಗ್: ಸಿಂಧನೂರು, ಗಂಗಾವತಿಯ ವೈಂಡಿಂಗ್ ಕೈಗಳು ಒಳ್ಳೆಯ ಕೈಗಳೇ, ವಾರಂಟಿ ಮುಗಿದ ಗಾಡಿಗಾದರೆ ಹೂಂ ಅನ್ನುತ್ತಿದ್ದೆ. ಆದರೂ ಸಬ್‌ಮರ್ಸಿಬಲ್ ಮೋಟಾರಿಗೆ ಬಳಸುವ ತಂತಿಯನ್ನೇ ಇಲ್ಲಿಗೂ ಸುತ್ತಿದರೆ ಬಿಸಿ ಆಯಿಲಿನಲ್ಲಿ ತಡೆಯುವುದಿಲ್ಲ, ಹೆಚ್ಚು ಶಾಖ ತಡೆಯುವ ಎನಾಮೆಲ್ ತಂತಿ, ವಾರ್ನಿಶ್ ಬೇಕು. ನಿಮಗೆ ವಾರಂಟಿ ಇದೆ. ಕವರ್ ಬಿಚ್ಚಿಸಿದ ಕ್ಷಣಕ್ಕೆ ಸ್ಟೇಟರ್ ಅಷ್ಟೇ ಅಲ್ಲ, ಇಂಜಿನ್ ವಾರಂಟಿಗೂ ತಕರಾರು ಶುರುವಾಗುತ್ತದೆ. ಬೇಡ.

ಜಾಬ್‌ಕಾರ್ಡ್_ಕೊಪ್ಪಳ

ವಾರಂಟಿ ಭಾಗಕ್ಕೆ ನಾನು ಬರೆಯುತ್ತೇನೆ.

ಕೊಂಡ ಊರಿಗೇ ಒಯ್ಯಬೇಕು ಎನ್ನುವುದು ತಪ್ಪು. ವಾರಂಟಿ ಕೊಟ್ಟಿರುವುದು ತಯಾರಕರು, ಡೀಲರ್ ಅಲ್ಲ. ನಿಮ್ಮ ಸರ್ವಿಸ್ ಪುಸ್ತಕದ ವಾರಂಟಿ ಪುಟದಲ್ಲಿ ಅಧಿಕೃತ ಡೀಲರ್ ಅಥವಾ ಸರ್ವಿಸ್ ಸೆಂಟರ್ ಎಂದು ಇರುತ್ತದೆ, ಮಾರಿದ ಡೀಲರ್ ಎಂದು ಇರುವುದಿಲ್ಲ. ಆ ಸಾಲಿನ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ. ಆದರೆ ತಾಲ್ಲೂಕಿನವರು ಸುಮ್ಮನೆ ಕೈ ತೊಳೆದುಕೊಳ್ಳುತ್ತಿಲ್ಲ ಅನ್ನುವುದಕ್ಕೂ ಕಾರಣ ಇದೆ. ಹಲವು ತಾಲ್ಲೂಕು ಶೋರೂಮುಗಳು ಸಬ್‌ಡೀಲರ್‌ಗಳು. ಗಾಡಿ ಮಾರುತ್ತಾರೆ, ಆಯಿಲ್ ಬದಲಿಸುತ್ತಾರೆ, ಕಂಪನಿಯ ಸಾಫ್ಟ್‌ವೇರಿನಲ್ಲಿ ವಾರಂಟಿ ಕ್ಲೇಮ್ ಹಾಕುವ ಲಾಗಿನ್ ಅವರಿಗೆ ಇರುವುದಿಲ್ಲ. ಅದು ಇರುವುದು ರಾಯಚೂರು ಅಥವಾ ಬಳ್ಳಾರಿಯ ಮುಖ್ಯ ಡೀಲರ್ ಬಳಿ. ಆದ್ದರಿಂದ ಸಿಂಧನೂರಿನಲ್ಲಿ ವಾದ ಮಾಡುವುದಕ್ಕಿಂತ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಚಾಸಿ ನಂಬರ್ ಕೊಟ್ಟು, ವಾರಂಟಿ ಕ್ಲೇಮ್ ಮಾಡುವ ಹತ್ತಿರದ ಸೆಂಟರ್ ಯಾವುದು ಎಂದು ಕೇಳಿ. ದೂರಿನ ನಂಬರ್ ಎಸ್‌ಎಂಎಸ್‌ನಲ್ಲಿ ಬರುವವರೆಗೆ ಫೋನ್ ಇಡಬೇಡಿ.

ಸಾಗಿಸುವ ಖರ್ಚಿಗೆ ಮೊದಲು ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯಾ ನೋಡಿ. ಕಂಪನಿಯದು ಇಲ್ಲದಿದ್ದರೂ ಇನ್ಶೂರೆನ್ಸ್ ಪಾಲಿಸಿಯ ಆ್ಯಡ್‌ಆನ್ ಪಟ್ಟಿಯಲ್ಲಿ ಇರಬಹುದು. ಉಚಿತವಾಗಿ ಎಷ್ಟು ಕಿ.ಮೀ.ವರೆಗೆ ಎಂದು ಮೊದಲೇ ಕೇಳಿ, ಮಿಕ್ಕಿದ್ದಕ್ಕೆ ದುಡ್ಡು ಕೇಳುತ್ತಾರೆ. ರಾಷ್ಟ್ರೀಯ ಹೆದ್ದಾರಿಯ 1033 ನಂಬರ್ ರಸ್ತೆ ಮಧ್ಯೆ ಸಿಕ್ಕಿಬಿದ್ದಾಗ ಕರೆಯುವುದಕ್ಕೆ.

ಮುಖ್ಯ ಡೀಲರ್ ಬಳಿ ಜಾಬ್ ಕಾರ್ಡ್ (ಗಾಡಿಯ ದೋಷ, ಮಾಡಬೇಕಾದ ಕೆಲಸ ಬರೆಯುವ ಚೀಟಿ) ಬರೆಯುವಾಗ ಪಕ್ಕದಲ್ಲೇ ನಿಲ್ಲಿ. ಅಡ್ವೈಸರ್ ‘ಸ್ಟಾರ್ಟಿಂಗ್ ಪ್ರಾಬ್ಲಂ’ ಎಂದಷ್ಟೇ ಬರೆದು ಮುಗಿಸುತ್ತಾರೆ. ಅದು ಸಾಲದು. ‘ಚಾರ್ಜಿಂಗ್ ಇಲ್ಲ, 4,500 ಆರ್‌ಪಿಎಂನಲ್ಲಿ 12.3 ವೋಲ್ಟ್, ಸ್ಟೇಟರ್ ಬಾಡಿಗೆ ಶಾರ್ಟ್, ಕಪ್ಲರ್ ಕಂದಿದೆ’ ಎಂದು ಬರೆಸಿ. ಸ್ಟಾರ್ಟಿಂಗ್ ಪ್ರಾಬ್ಲಂ ಎಂದಿದ್ದರೆ ಬ್ಯಾಟರಿ ಚಾರ್ಜ್ ಮಾಡಿ, ಸ್ಟಾರ್ಟ್ ಮಾಡಿ, ಸರಿಯಾಗಿದೆ ಎಂದು ಕಾರ್ಡ್ ಮುಚ್ಚಬಹುದು, ನೀವು ಮಸ್ಕಿ ಮುಟ್ಟುವಷ್ಟರಲ್ಲಿ ಮತ್ತೆ ನಿಲ್ಲುತ್ತೀರಿ. ಓಡಿದ ಕಿ.ಮೀ., ಪೆಟ್ರೋಲ್ ಮಟ್ಟ, ದಿನಾಂಕ ಇರಲೇಬೇಕು. ಪಾರ್ಟ್ ಬರುವುದು ತಡವಾಗಿ ಅಷ್ಟರಲ್ಲಿ ವಾರಂಟಿ ಮುಗಿದರೂ ದೋಷ ದಾಖಲಾದ ದಿನಕ್ಕೆ ಈ ಕಾರ್ಡೇ ಸಾಕ್ಷಿ.

ಆಮೇಲೆ ಒಂದು ಮಾತು ಬಾಯಿಬಿಟ್ಟು ಕೇಳಿ: ಗಾಡಿ ಓಡುವ ಸ್ಥಿತಿಯಲ್ಲಿಲ್ಲ, ಪಾರ್ಟನ್ನು ವಿಓಆರ್ ಆರ್ಡರ್‌ನಲ್ಲಿ ಹಾಕಿ ಎಂದು. ‘ವೆಹಿಕಲ್ ಆಫ್ ರೋಡ್’ ಎಂದರೆ ನಿಂತ ಗಾಡಿಗೆ ಆದ್ಯತೆ ಮೇಲೆ ಪಾರ್ಟ್ ಕಳಿಸುವ ವ್ಯವಸ್ಥೆ. ಕೇಳದಿದ್ದರೆ ಡೀಲರಿನ ಮಾಮೂಲಿ ಸ್ಟಾಕ್ ಆರ್ಡರ್ ಜೊತೆ ಬರುತ್ತದೆ. ಆರ್ಡರ್ ನಂಬರ್ ಪಡೆಯಿರಿ. ಸ್ಟೇಟರ್ ಜೊತೆಗೆ ಕವರ್ ಗ್ಯಾಸ್ಕೆಟ್, ಕಪ್ಲರ್ ಕೂಡ ಅದೇ ಆರ್ಡರಿನಲ್ಲಿ ಇದೆಯಾ ನೋಡಿ. ಸ್ಟೇಟರ್ ಬಂದು ಗ್ಯಾಸ್ಕೆಟ್ ಇಲ್ಲದೆ ಗಾಡಿ ಮತ್ತೆ ಕಾಯುವುದು ಸಾಮಾನ್ಯ. ಹಳೆ ಗ್ಯಾಸ್ಕೆಟ್‌ಗೆ ಪೇಸ್ಟ್ ಹಚ್ಚಿ ಕೂರಿಸಲು ಒಪ್ಪಬೇಡಿ, ಆಯಿಲ್ ಜಿನುಗುತ್ತದೆ.

ಪಾರ್ಟ್ ಮತ್ತು ಲೇಬರ್ ಉಚಿತ. ಕವರ್ ತೆಗೆಯಲು ಆಯಿಲ್ ಇಳಿಸಬೇಕಾದರೆ ಹೊಸ ಆಯಿಲಿಗೆ ಹೆಚ್ಚಿನ ಕಡೆ ದುಡ್ಡು ಹಾಕುತ್ತಾರೆ, ಇದನ್ನು ಮೊದಲೇ ಕೇಳಿಕೊಳ್ಳಿ. ತೆಗೆದ ಹಳೆ ಸ್ಟೇಟರ್ ಕಂಪನಿಗೆ ವಾಪಸ್ ಹೋಗುತ್ತದೆ, ನಿಮಗೆ ಕೊಡುವುದಿಲ್ಲ, ಫೋಟೊ ತೆಗೆದುಕೊಳ್ಳಿ. ಬ್ಯಾಟರಿ, ಟೈರುಗಳಿಗೆ ಅವುಗಳ ಕಂಪನಿಯದೇ ಬೇರೆ ವಾರಂಟಿ.

ರಾಯಚೂರು_ಮೆಕಾನಿಕ್

ಬಳ್ಳಾರಿಗಾಗ್ಲಿ ರಾಯಚೂರಿಗಾಗ್ಲಿ ಸಿಂಧನೂರಿಂದ ಎಂಬತ್ತು ತೊಂಬತ್ತು ಕಿ.ಮೀ. ಅದ. ಬ್ಯಾಟರಿ ಫುಲ್ ಆಗೇದ, ಹೆಡ್‌ಲೈಟ್ ಕಪ್ಲರ್ ತಗದು ಹಗಲಿನ್ಯಾಗ ಹೊಡ್ಕೊಂಡು ಹೋಗ್ರಿ ಅಂತ ಯಾರರ ಹೇಳ್ತಾರ. ಹೋಗಬ್ಯಾಡ್ರಿ. ದಾರ್ಯಾಗ ವೋಲ್ಟೇಜ್ ಇಳಿದ್ರ ಎಬಿಎಸ್ ಮೊದಲು ಬಂದ್ ಆಗ್ತದ, ಇಂಜಿನ್ ಆಮ್ಯಾಲೆ ಲಾರಿ ಮುಂದ ನಿಲ್ತದ. ಶಾರ್ಟ್ ಆದ ಸ್ಟೇಟರ್ ಮತ್ತ ಸುಟ್ಟು ಕಪ್ಲರ್ ಪೂರಾ ಕರಗಿ ಹಾರ್ನೆಸ್‌ಗೂ (ಗಾಡಿ ವೈರಿಂಗ್ ಕಟ್ಟಿಗೂ) ಹತ್ತತದ.

ಟಾಟಾ ಏಸ್ ಇಲ್ಲಾ ಪಿಕಪ್ ಮಾಡ್ರಿ. ವಾಪಸ್ ಖಾಲಿ ಹೊಂಟಿದ್ದು ಸಿಕ್ರ ಬಾಡಿಗಿ ಕಡಿಮಿ ಬೀಳ್ತದ, ಎಪಿಎಂಸಿ ಯಾರ್ಡ್ ಮುಂದ ಕೇಳ್ರಿ. ಅಲ್ಲೇ ಮೂಟಿ ಏರ್ಸೋ ಕಟ್ಟಿ ಇರ್ತದ, ಗಾಡಿ ತೊಟ್ಟಿ ಮಟ್ಟಕ್ಕ ಸರಿ ಬರ್ತದ, ಬೈಕ್ ಎತ್ತೋದು ಬ್ಯಾಡ, ದೂಡಿದ್ರ ಸಾಕು. ಮುಂದಿನ ಗಾಲಿ ಕ್ಯಾಬಿನ್ ಗ್ವಾಡಿಗೆ ಒತ್ತಿ, ಒಂದನೇ ಗೇರ್ ಹಾಕ್ರಿ. ಹಗ್ಗ ಹ್ಯಾಂಡಲ್ ಹಿಡಿಗೆ ಕಟ್ಟಬ್ಯಾಡ್ರಿ, ಜಾರ್ತದ, ಹ್ಯಾಂಡಲ್ ಬಗ್ತದ. ಫೋರ್ಕ್‌ದ ಕೆಳಗಿನ ಕ್ಲ್ಯಾಂಪ್‌ಗೆ ಎರಡೂ ಕಡೆ ಕಟ್ಟಿ ಎಳದ್ರ ಫೋರ್ಕ್ ಅರ್ಧ ಕುಂದರಬೇಕು. ಹಿಂದ ಎರಡು ಹಗ್ಗ. ಸೈಡ್ ಸ್ಟ್ಯಾಂಡ್ ಮ್ಯಾಲೆ ಬಿಡಬ್ಯಾಡ್ರಿ, ಗುಂಡಿ ಬಂದ್ರ ಸ್ಟ್ಯಾಂಡ್ ಬಗ್ಗಿ ಬೀಳ್ತದ. ಟ್ಯಾಂಕ್‌ಗೆ ಹಗ್ಗ ತಿಕ್ಕೋ ಕಡೆ ಗೋಣಿಚೀಲ ಮಡಚಿ ಇಡ್ರಿ. ಏರ್ಸೋಕ್ಕಿಂತ ಮೊದಲ ನಾಲ್ಕೂ ಕಡೆ ಫೋಟೊ ತಗೀರಿ.

ಕಾವೇರಿ_ಸವಾರ

ಬಳ್ಳಾರಿಯ ಮುಖ್ಯ ಡೀಲರ್ ಬಳಿ ಜಾಬ್ ಕಾರ್ಡ್ ಆಯಿತು, ಅಂಕಿಗಳನ್ನು ಬರೆಸಿದ್ದೇನೆ, ವಿಓಆರ್ ಆರ್ಡರ್ ನಂಬರ್ ಸಿಕ್ಕಿದೆ. ಇನ್ನೆರಡು ಪ್ರಶ್ನೆ. ಪಾರ್ಟ್ ಬಾರದೇ ಎಳೆದಾಡಿದರೆ ಏನು ಮಾಡಲಿ? ರಿಪೇರಿ ಬಿಟ್ಟು ರೈಲಿನಲ್ಲಿ ಮೈಸೂರಿಗೆ ಹಾಕುವುದು ಒಳ್ಳೆಯದಾ?

ಜಾಬ್‌ಕಾರ್ಡ್_ಕೊಪ್ಪಳ

ಮೊದಲು ಕಂಪನಿಗೆ ಇಮೇಲ್ ಬರೆಯಿರಿ: ಜಾಬ್ ಕಾರ್ಡ್ ನಂಬರ್, ಆರ್ಡರ್ ನಂಬರ್, ಫೋಟೊ, ಗಾಡಿ ನಿಂತ ದಿನಾಂಕ. ಫೋನಿನ ಮಾತಿಗೆ ದಾಖಲೆ ಇಲ್ಲ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತನಾಡಬಹುದು. ಅದರಾಚೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರ ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಾಡಿ ಕೆಟ್ಟದ್ದು ಬಳ್ಳಾರಿ ಕಡೆ ಎಂದು ನೀವು ಇಲ್ಲಿಗೆ ಅಲೆಯಬೇಕಿಲ್ಲ, ಮೈಸೂರಿನಲ್ಲೇ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಕಾರಣ ಹುಟ್ಟಿದ 2 ವರ್ಷದೊಳಗೆ ಹಾಕಬೇಕು.

ಕೀ ಒಂದೇ ಕೊಡಿ, ಇನ್ನೊಂದು ನಿಮ್ಮ ಬಳಿ ಇರಲಿ. ಬೇರೆಯವರು ಡೆಲಿವರಿ ತೆಗೆದುಕೊಳ್ಳುವುದಾದರೆ ಅವರ ಹೆಸರನ್ನು ಈಗಲೇ ಕಾರ್ಡಿನಲ್ಲಿ ಬರೆಸಿ.

ಮಲ್ಟಿಮೀಟರ್_ಬಳ್ಳಾರಿ

ರಿಪೇರಿ ಮುಗಿಸಿಯೇ ಹೋಗಿ. ದೋಷ ಬರೆಸಿ, ಆರ್ಡರ್ ಹಾಕಿಸಿ ಆದ ಮೇಲೆ ಕಾರ್ಡ್ ಮುಚ್ಚಿಸಿದರೆ ಮೈಸೂರಿನಲ್ಲಿ ಎಲ್ಲಾ ಮೊದಲಿಂದ ಶುರು.

ಡೆಲಿವರಿಯಲ್ಲಿ ಗಾಡಿ ಸ್ಟಾರ್ಟ್ ಆಯಿತು ಎಂದು ಸಹಿ ಹಾಕಬೇಡಿ. 20–30 ನಿಮಿಷ ಓಡಿಸಿ, ಇಂಜಿನ್ ಬಿಸಿ ಇರುವಾಗಲೇ 4,500ರಲ್ಲಿ ಅಳೆಯಿರಿ. ಕೆಲವು ರೆಗ್ಯುಲೇಟರ್‌ಗಳು ತಣ್ಣಗಿದ್ದಾಗ 14.2 ಕೊಟ್ಟು, ಕಾದ ಮೇಲೆ 12.8ಕ್ಕೆ ಬೀಳುತ್ತವೆ. ಹಾಗಾದರೆ ರೆಗ್ಯುಲೇಟರನ್ನೂ ಅದೇ ಕ್ಲೇಮಿನಲ್ಲಿ ಬದಲಿಸಲು ಹೇಳಿ, ಇಲ್ಲದಿದ್ದರೆ ಹೊಸ ಸ್ಟೇಟರೂ ಸುಡುತ್ತದೆ. ಕಂದಿದ ಕಪ್ಲರ್ ಜಾಗಕ್ಕೆ ಹೊಸದನ್ನು ಕ್ರಿಂಪ್ ಮಾಡಿರಬೇಕು, ವೈರ್ ಹೊಸೆದು ಟೇಪ್ ಸುತ್ತಿದ್ದರೆ ಒಪ್ಪಬೇಡಿ. ಎಡಗಡೆ ಕವರಿನ ಅಂಚಿನಲ್ಲಿ ಆಯಿಲ್ ತೇವ ಇದೆಯಾ ಬೆರಳಾಡಿಸಿ ನೋಡಿ, ಆ 6 ಎಂಎಂ ಬೋಲ್ಟುಗಳಿಗೆ 10–12 ನ್ಯೂಟನ್ ಮೀಟರ್ ಬಿಗಿ ಸಾಕು, ಜಾಸ್ತಿ ತಿರುಗಿಸಿದರೆ ಥ್ರೆಡ್ ಹೋಗುತ್ತದೆ. ಬಿಲ್ ಸೊನ್ನೆ ರೂಪಾಯಿಯದಾದರೂ ಪಾರ್ಟ್ ನಂಬರ್ ಇರುವ ಇನ್‌ವಾಯ್ಸ್ ಕೇಳಿ ಪಡೆಯಿರಿ.

ರಿಪೇರಿ ಆದ ಮೇಲೆ ಓಡಿಸುವ ಮನಸ್ಸಿಲ್ಲದಿದ್ದರೆ ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿಯಿಂದ ಮೈಸೂರಿಗೇ ಹೋಗುತ್ತದೆ. ನಿಮ್ಮ ಟಿಕೆಟ್ ಮೇಲೆ ಲಗೇಜ್ ಎಂದು ಬುಕ್ ಮಾಡಿದರೆ ಅದೇ ರೈಲಿಗೆ ಹಾಕುತ್ತಾರೆ, ಪಾರ್ಸಲ್ ಎಂದರೆ ಜಾಗ ಸಿಕ್ಕಾಗ. ಆರ್‌ಸಿ ಮತ್ತು ಗುರುತಿನ ಚೀಟಿಯ ನಕಲು ಬೇಕು, ರೈಲು ಹೊರಡುವ ಕೆಲವು ಗಂಟೆ ಮೊದಲೇ ಪಾರ್ಸಲ್ ಆಫೀಸಿನಲ್ಲಿರಿ. ಹೆಡ್‌ಲೈಟ್, ಟ್ಯಾಂಕ್, ಇಂಡಿಕೇಟರ್‌ಗೆ ಹುಲ್ಲು ಇಟ್ಟು ಗೋಣಿ ಸುತ್ತಿಸಿ, ಎಲ್ಲಿಂದ ಎಲ್ಲಿಗೆ ಎಂದು ರಟ್ಟಿನ ಮೇಲೆ ದಪ್ಪಗೆ ಬರೆದು ಎರಡು ಕಡೆ ಕಟ್ಟಿ. ಪೆಟ್ರೋಲ್ ಪೂರ್ತಿ ತೆಗೆದಿರಬೇಕು, ಉಳಿದಿದ್ದರೆ ದಂಡ. ಟ್ಯಾಂಕ್ ಖಾಲಿಯಾದ ಮೇಲೆ ಕೀ ಆನ್ ಮಾಡಿ ನೋಡಬೇಡಿ. ಪೆಟ್ರೋಲ್ ಇಲ್ಲದೆ ಪಂಪ್ ಒಣಗಿ ತಿರುಗಿದರೆ ಸವೆಯುತ್ತದೆ. ಮೈಸೂರಿನಲ್ಲಿ ಕನಿಷ್ಠ 2 ಲೀಟರ್ ಹಾಕಿ, ಕೀ ಆನ್ ಮಾಡಿ ಪಂಪಿನ ಸದ್ದು ನಿಂತ ಮೇಲೆ ಆಫ್ ಮಾಡಿ, ಹೀಗೆ ಎರಡು ಮೂರು ಸಲ ಮಾಡಿ ಲೈನಿಗೆ ಪೆಟ್ರೋಲ್ ತುಂಬಿದ ಮೇಲೆ ಸೆಲ್ಫ್ ಒತ್ತಿ.